ಹಾಜರಿದ್ದವರ ಸಹಿ

ನನ್ನ ಮೇಜಿನ ಮೇಲೆ ಒಂದು ಶಾಯಿ ಪೆನ್ನು ಇದೆ. ಅದು ಈಗ ದಪ್ಪಗೆ ಬರೆಯುತ್ತದೆ. ಮೊದಲು ಹೀಗಿರಲಿಲ್ಲ. ನೌಕರಿ ಸೇರಿದ ವರ್ಷ ಮಾವನವರು ಹುಬ್ಬಳ್ಳಿಯಿಂದ ತಂದುಕೊಟ್ಟ ಈ ಪೆನ್ನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ನನ್ನ ಅಂಗಿಯ ಜೇಬಿನಲ್ಲಿ ಕುಳಿತು, ನನ್ನೊಬ್ಬನ ಕೈಯ ವಾಲಿಕೆಗೇ ಸವೆದು, ಕೂದಲೆಳೆಯಷ್ಟು ಸಣ್ಣಗೆ ಬರೆಯುತ್ತಿತ್ತು. ಶಾಯಿ ಪೆನ್ನನ್ನು ಇನ್ನೊಬ್ಬರ ಕೈಗೆ ಕೊಡಬಾರದು, ಕೊಟ್ಟರೆ ನಿಬ್ಬು ಕೆಡುತ್ತದೆ ಎಂದು ನನಗೆ ಅಕ್ಷರ ತಿದ್ದಿಸಿದ ಮಾಸ್ತರರು ಹೇಳಿದ್ದರು. ಅವರು ಹೇಳಿದ ಉಳಿದೆಲ್ಲ ಮಾತುಗಳನ್ನು ಮರೆತರೂ ಇದೊಂದನ್ನು ನಾನು ವ್ರತದಂತೆ ಪಾಲಿಸಿದೆ. ಬ್ಯಾಂಕಿನಲ್ಲಿ ಚಲನ್ ತುಂಬುವವರು ಕೈಚಾಚಿದರೆ ಚೀಲದೊಳಗಿನ ಬಾಲ್ ಪೆನ್ನು ಹುಡುಕಿ ಕೊಡುತ್ತಿದ್ದೆನೇ ಹೊರತು ಜೇಬಿನದನ್ನು ಮುಟ್ಟಗೊಡುತ್ತಿರಲಿಲ್ಲ. ಅಂಥ ಪೆನ್ನಿನ ನಿಬ್ಬು ಈಗ ತುಸು ಬಾಗಿ, ತುದಿ ಅಗಲವಾಗಿ, ಗೀರು ಎಳೆದರೆ ಇದ್ದಿಲಿನಲ್ಲಿ ಬರೆದಂತೆ ಬರುತ್ತದೆ. ಹುಬ್ಬಳ್ಳಿಗೆ ಹೋದರೆ ಹೊಸ ನಿಬ್ಬು ಸಿಕ್ಕೀತು, ಆದರೆ ನಾನು ಹಾಕಿಸಿಲ್ಲ. ಯಾಕೆಂದು ಹೇಳಹೊರಟರೆ ನನ್ನದೇ ಒಂದು ತಪ್ಪನ್ನು ಹೇಳಬೇಕಾಗುತ್ತದೆ. ಹೇಳುತ್ತೇನೆ; ನೀವೇನು ಹೊರಗಿನವರಲ್ಲವಲ್ಲ.

ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವನು. ಮೊದಲು ದಾಂಡೇಲಿ, ಆಮೇಲೆ ಹಳಿಯಾಳ, ಈಗ ಮುಂಡಗೋಡ ಎಂದು ವರ್ಗಾವಣೆಯ ಬೆನ್ನು ಹಿಡಿದು ಸುತ್ತಿ, ಕಡೆಗೆ ಹುಟ್ಟೂರಿನ ಮನೆಯಿಂದಲೇ ಕಾಲೇಜಿಗೆ ಹೋಗಿಬರುವ ಸುಖ ಸಿಕ್ಕಿದೆ. ಊರಿನ ಹೆಸರು ಬೇಡ. ಅದು ಚಿಗಳ್ಳಿಯೂ ಅಲ್ಲ, ಸನವಳ್ಳಿಯೂ ಅಲ್ಲ ಎಂದಷ್ಟೇ ಹೇಳಿ ಆ ಎರಡೂ ಊರಿನವರನ್ನು ಮೊದಲೇ ನಿರ್ದೋಷಿಗಳೆಂದು ಬಿಟ್ಟುಬಿಡುತ್ತೇನೆ. ಸೋಮವಾರ ಈಶ್ವರನ ಗುಡಿಗೆ ತಪ್ಪದ, ಭತ್ತ, ಗೋವಿನಜೋಳ ಬೆಳೆಯುವ ಒಕ್ಕಲು ಮನೆತನ ನಮ್ಮದು. ಊರಿನಲ್ಲಿ ಓದಿದವರ ಮನೆಯೆಂಬ ಮರ್ಯಾದೆ ಬೇರೆ. ಆ ಮರ್ಯಾದೆಯೇ ನನ್ನನ್ನು ಹಳ್ಳಕ್ಕೆ ಕೆಡವಿದ್ದು.

ನಮ್ಮ ಪಂಚಾಯ್ತಿಯಲ್ಲಿ ನೀರು ಬಿಡುವ ಶಿವಪ್ಪ ಎಂಬವನಿದ್ದಾನೆ. ನಳಕ್ಕೆ ನೀರು ಬಿಡುವುದರ ಜೊತೆಗೆ ಅವನಿಗೆ ಇನ್ನೊಂದು ಕೆಲಸವೂ ಇತ್ತು. ಗ್ರಾಮಸಭೆ ಆದ ಮಾರನೆಯ ದಿನ, ಕೆಲವೊಮ್ಮೆ ಹಿಂದಿನ ದಿನವೇ, ರಟ್ಟಿನ ದೊಡ್ಡ ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ಮನೆಮನೆಗೆ ಬರುವುದು. "ಕೋರಂ ತುಂಬಬೇಕ್ರೀ ಸರ್, ನಿಮ್ಮದೊಂದು ಬಿದ್ರ ಪುಸ್ತಕಕ್ಕ ಕಳಾ ಬರ್ತೇತಿ" ಎನ್ನುತ್ತಿದ್ದ. ಹೊಗಳಿಕೆಗೆ ಸೋಲದವರು ಯಾರು? ನಾನು ಕಟ್ಟೆಯ ಮೇಲೆ ಕುಳಿತಲ್ಲೇ ಪೆನ್ನಿನ ಮುಚ್ಚಳ ಬಿಚ್ಚಿ, ಅವನು ಬೆರಳಿಟ್ಟು ತೋರಿಸಿದ ಸಾಲಿನಲ್ಲಿ ಸಹಿ ಮಾಡುತ್ತಿದ್ದೆ. ಮೇಲೆ ಏನು ಬರೆದಿದೆ ಎಂದು ಓದುವುದು ಅವನ ಮೇಲೆ ಅಪನಂಬಿಕೆ ತೋರಿಸಿದಂತೆ ಆದೀತೆಂದು ನನ್ನ ಎಣಿಕೆ. ಒಮ್ಮೆ ಅವನು, "ಅಕ್ಕಾರದೂ ನೀವ ಹಾಕಿಬಿಡ್ರಿ, ಹೆಣ್ಮಕ್ಕಳ ಲೆಕ್ಕಾನೂ ಬೇಕಂತ" ಎಂದಾಗ ನನ್ನಾಕೆಯ ಹೆಸರನ್ನೂ ಅಷ್ಟೇ ಅಂದವಾಗಿ ಬರೆದುಕೊಟ್ಟೆ. ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಶಿವಪ್ಪ ಚಾ ಕುಡಿದು ಮುಂದಿನ ಮನೆಗೆ ಹೋಗುತ್ತಿದ್ದ. ಇದರಲ್ಲಿ ಯಾರಿಗೂ ಏನೂ ತಪ್ಪು ಕಾಣುತ್ತಿರಲಿಲ್ಲ. ನೆರೆಮನೆಯವರು ಹೆಪ್ಪಿಗೆ ಮಜ್ಜಿಗೆ ಕೇಳಿದರೆ ಇಲ್ಲವೆನ್ನುತ್ತೇವೆಯೇ, ಹಾಗೆ.

ಇದೇ ನಾನು ಕಾಲೇಜಿನಲ್ಲಿ ಹಾಜರಿಯ ವಿಷಯದಲ್ಲಿ ಯಮಧರ್ಮರಾಯ. ಒಬ್ಬನ ಹೆಸರಿಗೆ ಇನ್ನೊಬ್ಬ "ಹಾಜರ್ ಸರ್" ಎಂದು ಕೂಗುವ ಪ್ರಾಕ್ಸಿ ವಿದ್ಯೆಯನ್ನು ದನಿಯಿಂದಲೇ ಪತ್ತೆಹಚ್ಚಿ, ಎದ್ದು ನಿಲ್ಲಿಸಿ, ಪ್ರಾಮಾಣಿಕತೆಯ ಕುರಿತು ಕಾಲು ಗಂಟೆ ಕೊರೆಯುತ್ತಿದ್ದೆ. ಗಂಟೆ ಬಾರಿಸಿ ಹತ್ತು ನಿಮಿಷ ದಾಟಿದ ಮೇಲೆ ಬಂದವರಿಗೆ ಆ ದಿನದ ಹಾಜರಿ ಇಲ್ಲ. ತಿಂಗಳ ಕೊನೆಗೆ ಹಾಜರಿ ಕಡಿಮೆಯಾದವರ ಪಟ್ಟಿಯನ್ನು ಇದೇ ಪೆನ್ನಿನಲ್ಲಿ ಬರೆದು ನೋಟೀಸ್ ಬೋರ್ಡಿಗೆ ಹಚ್ಚುತ್ತಿದ್ದೆ. ಆ ಪಟ್ಟಿಯಲ್ಲಿ ತಪ್ಪದೆ ಬರುತ್ತಿದ್ದ ಹೆಸರು ಫಿಲೋಮಿನಾಳದು.

ಫಿಲೋಮಿನಾ ನಮ್ಮ ಪಂಚಾಯ್ತಿಗೇ ಸೇರಿದ, ಕಾಡಂಚಿನ ಮಜರೆಯೊಂದರ ಸಿದ್ದಿ ಹುಡುಗಿ. ಎಂದೋ ಕಡಲು ದಾಟಿ ಬಂದ ಆಫ್ರಿಕದ ಹಿರಿಯರ ಆ ಸಂತತಿ ನಮ್ಮ ಸೀಮೆಯಲ್ಲಿ ಎಷ್ಟು ತಲೆಮಾರಿನಿಂದ ಗದ್ದೆ ಮಾಡಿಕೊಂಡಿದೆಯೆಂದರೆ, ನಮ್ಮ ಮನೆತನ ಯಾವಾಗ ಬಂದು ನೆಲೆಸಿತು ಎಂದು ಕೇಳಿದರೆ ನಾವೇ ತಡವರಿಸಬೇಕು. ತಂದೆ ಗದ್ದೆ ಕೆಲಸಕ್ಕೆ, ತಾಯಿ ಕೂಲಿಗೆ, ಮಗಳು ಬಿ.ಎ. ಎರಡನೆಯ ವರ್ಷ. ಮಾತು ಕಡಿಮೆ, ಬರಹ ದುಂಡಗೆ, ಬರುವುದು ತಡ. ಅವರ ಮಜರೆಗೂ ಮುಖ್ಯ ರಸ್ತೆಗೂ ನಡುವೆ ಒಂದು ಹಳ್ಳ. ಅದಕ್ಕೆ ಪುಟ್ಟ ಸೇತುವೆಯಂತಿದ್ದ ಮೋರಿ ಒಂದು ಮಳೆಗಾಲದಲ್ಲಿ ಕುಸಿದ ಮೇಲೆ ಬಸ್ಸು ಕ್ರಾಸಿನಲ್ಲೇ ನಿಂತು ತಿರುಗಿಹೋಗುತ್ತಿತ್ತು. ಅಲ್ಲಿಗೆ ಆಕೆ ನಡೆದು ಬರಬೇಕು, ಕಾಡಿನ ದಾರಿ, ಒಮ್ಮೊಮ್ಮೆ ಆನೆಯ ಸುದ್ದಿ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನಾನು ಕೇಳಿರಲಿಲ್ಲ; ಬಾಗಿಲಲ್ಲಿ ನಿಂತ ಅವಳ ಒದ್ದೆ ಚಪ್ಪಲಿಯನ್ನು ನೋಡಿಯೂ ಗಡಿಯಾರವನ್ನೇ ತೋರಿಸುತ್ತಿದ್ದೆ.

ಹೀಗಿರುವಾಗ ಒಂದು ವರ್ಷ, ಗ್ರಾಮಸಭೆ ಎಂಬ ಪಾಠವನ್ನು ಎಷ್ಟನೆಯ ಸಲವೋ ಮಾಡುತ್ತ, ನನಗೇ ಆಕಳಿಕೆ ಬಂದು, ಒಂದು ಹೊಸ ಉಪಾಯ ಹೂಡಿದೆ. ನೀವೆಲ್ಲ ನಿಮ್ಮ ನಿಮ್ಮ ಪಂಚಾಯ್ತಿಗೆ ಹೋಗಿ, ನಡಾವಳಿ ಪುಸ್ತಕ ಕೇಳಿ, ಒಂದು ಠರಾವನ್ನು ಪೂರ್ತಿ ನಕಲು ಮಾಡಿಕೊಂಡು ಬನ್ನಿ, ಒಂದಕ್ಷರವನ್ನೂ ಬಿಡಬೇಡಿ ಎಂದೆ. ಉಪಾಯ ದೊಡ್ಡದಾಗಿರಲಿಲ್ಲ, ಒಂದು ವಾರ ಪಾಠ ತಪ್ಪುತ್ತದೆ, ಆಂತರಿಕ ಅಂಕಗಳಿಗೂ ಆಧಾರವಾಗುತ್ತದೆ ಎಂಬಷ್ಟೇ ಲೆಕ್ಕಾಚಾರ. ಸಾಲದ್ದಕ್ಕೆ ಎಚ್ಚರಿಕೆಯನ್ನೂ ಸೇರಿಸಿದೆ. "ನಕಲು ಮಾಡಿ ಸುಮ್ಮನೆ ಬನ್ನಿ, ಅಲ್ಲಿ ರಾಜಕೀಯ ಮಾಡಬೇಡಿ." ಹಾಗೆ ನೋಡಿದರೆ ಪ್ರತಿ ವರ್ಷ ಬೀಳ್ಕೊಡುಗೆಯ ಭಾಷಣದಲ್ಲೂ ನಾನು ಹೇಳುತ್ತಿದ್ದದ್ದು ಅದನ್ನೇ: ಓದು ಮುಗಿಯುವತನಕ ರಾಜಕೀಯದಿಂದ ದೂರವಿರಿ. ರಾಜ್ಯಶಾಸ್ತ್ರದ ಅಧ್ಯಾಪಕ ರಾಜಕೀಯದಿಂದ ದೂರವಿರಿ ಎನ್ನುವುದು ಈಜು ಕಲಿಸುವವನು ನೀರಿಗಿಳಿಯಬೇಡಿ ಎಂದ ಹಾಗೆ ಎಂದು ಆಗ ಹೊಳೆದಿರಲಿಲ್ಲ.

ಆ ಭಾನುವಾರದ ಬೆಳಗು ಚೆನ್ನಾಗಿ ನೆನಪಿದೆ. ಕಟ್ಟೆಯ ಮೇಲೆ ಚಾಪೆ ಹಾಸಿಕೊಂಡು ಮಕ್ಕಳ ವಹಿಗಳನ್ನು ಗುಡ್ಡೆ ಹಾಕಿ ತಿದ್ದುತ್ತಿದ್ದೆ. ಹೆಚ್ಚಿನವರು ನಾಲ್ಕು ಸಾಲು ಗೀಚಿ 'ಇತ್ಯಾದಿ' ಎಂದು ಮುಗಿಸಿದ್ದರು. ಫಿಲೋಮಿನಾಳ ವಹಿ ಮಾತ್ರ ಮೂರು ಪುಟ. ಠರಾವಿನ ಸಾರಾಂಶ ಇಷ್ಟು: ಕಾಡಂಚಿನ ಮಜರೆಯ ಹಳ್ಳದ ಮೋರಿಯ ಕಾಮಗಾರಿಯನ್ನು ಸದ್ಯಕ್ಕೆ ಮುಂದೂಡಿ, ಅದರ ಬದಲು ಊರ ಬಾಗಿಲಿಗೆ ಸ್ವಾಗತ ಕಮಾನು ಕಟ್ಟಿಸಲು ಸಭೆಯಲ್ಲಿ ಹಾಜರಿದ್ದ ಎಲ್ಲರೂ ಸರ್ವಾನುಮತದಿಂದ ಒಪ್ಪಿರುತ್ತಾರೆ. ಅದರ ಕೆಳಗೆ, 'ಹಾಜರಿದ್ದವರ ಸಹಿ' ಎಂಬ ತಲೆಬರಹ ಕೊಟ್ಟು, ಒಂದಕ್ಷರವನ್ನೂ ಬಿಡಬೇಡಿ ಎಂದ ಗುರುವಿನ ಮಾತನ್ನು ಶಿರಸಾವಹಿಸಿ, ಆ ಹುಡುಗಿ ಅಷ್ಟೂ ಹೆಸರುಗಳನ್ನು ಸಾಲಾಗಿ ಬರೆದುಕೊಂಡು ಬಂದಿದ್ದಳು. ಏಳನೆಯದು ನಾನು. ಎಂಟನೆಯದು ನನ್ನ ಹೆಂಡತಿ.

ಕಮಾನನ್ನು ನೀವು ನೋಡಿಲ್ಲ, ಚೆಂದವಿದೆ. 'ಸುಸ್ವಾಗತ' ಎಂಬ ಅಕ್ಷರಗಳ ಅಳತೆ ಕೇಳಲು ಬಂದವರಿಗೆ ನಾನೇ ಕಾಗದದ ಮೇಲೆ ಬರೆದು ತೋರಿಸಿದ್ದೆ. ದಿನಾ ಅದರ ಕೆಳಗೆ ಬೈಕಿನಲ್ಲಿ ಹಾದು ಹೊತ್ತಿಗೆ ಸರಿಯಾಗಿ ಕಾಲೇಜು ಮುಟ್ಟಿ, ಹಳ್ಳ ದಾಟಿ ಬಂದವಳಿಗೆ ಗೈರುಹಾಜರಿ ಹಾಕುತ್ತಿದ್ದೆ. ಅವಳ ಬಸ್ಸನ್ನು ತಪ್ಪಿಸಿದ್ದು ಯಾರು ಎಂದು ಕೇಳಿದರೆ, ದುಂಡಗಿನ ಅಕ್ಷರದಲ್ಲಿ ಅವಳೇ ಬರೆದುಕೊಟ್ಟ ಉತ್ತರ ನನ್ನ ತೊಡೆಯ ಮೇಲಿತ್ತು. ಸುಳ್ಳೇಕೆ, ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಹೆದರಿಕೆ. ಈ ಹುಡುಗಿ ಇದನ್ನು ಯಾರು ಯಾರಿಗೆ ತೋರಿಸಿದ್ದಾಳೆ?

ಚಾ ತಂದ ನನ್ನಾಕೆ ನನ್ನ ಮುಖ ನೋಡಿ ವಹಿಯನ್ನು ಕಸಿದುಕೊಂಡು ಓದಿದಳು. ಎಂಟನೆಯ ಸಾಲಿಗೆ ಬಂದು ನಿಂತಳು. "ನಾ ಯಾವಾಗ ಹೋಗಿದ್ನಿರೀ ಈ ಸಭಾಕ್ಕ?" ಎಂದಳು. ನಾನು ಶಿವಪ್ಪನ ಹೆಸರು ತೊದಲಿದೆ. "ಶಿವಪ್ಪ ಕೇಳ್ದ, ನೀವು ಕೊಟ್ರಿ. ನನ್ನ ಹೆಸರು ನನ್ನ ಕೇಳದ ಕೊಡಾಕ ಅದೇನು ಕಡಾ ಕೊಡೂ ಸಕ್ಕರಿ ಏನ್ರಿ?" ಎಂದು ಹೇಳಿ ಚಾವನ್ನು ಅಲ್ಲೇ ಇಟ್ಟು ಒಳಗೆ ಹೋದಳು.

ಮಾರನೆಯ ದಿನ ಫಿಲೋಮಿನಾಳನ್ನು ಸ್ಟಾಫ್ ರೂಮಿಗೆ ಕರೆದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ವಾಕ್ಯಗಳೆಲ್ಲ ಅವಳೆದುರು ಕೈಕೊಟ್ಟವು. "ಎಲ್ಲರ ಹೆಸರೂ ಬರೆದಿದ್ದೀಯಲ್ಲ" ಎಂದಷ್ಟೇ ಅಂದೆ. "ನೀವ ಹೇಳಿದ್ರಲ್ಲರಿ, ಒಂದಕ್ಷರಾನೂ ಬಿಡಬ್ಯಾಡ್ರಿ ಅಂತ" ಎಂದಳು. ಅವಳ ಮುಖದಲ್ಲಿ ಕೊಂಕು ಹುಡುಕಿದೆ, ಇರಲಿಲ್ಲ. ಯಾರಿಗಾದರೂ ತೋರಿಸಿದೆಯಾ ಎಂದು ಕೇಳಲು ಬಾಯಿ ಬರಲಿಲ್ಲ; ಅವಳೇ ಅರ್ಥ ಮಾಡಿಕೊಂಡಳೋ ಏನೋ, "ಯಾರಿಗೂ ತೋರ್ಸಿಲ್ರಿ" ಎಂದಳು. ಆಮೇಲೆ ಹೊರಗೆ ನೋಡುತ್ತ ತನ್ನ ತಂಗಿಯ ಸಂಗತಿ ಹೇಳಿದಳು. ಮೋನಿಕಾ ಪಿಯುಸಿಯ ಕೊನೆಯ ವರ್ಷದಲ್ಲಿದ್ದಾಳೆ; ಅವಳೂ ಕಾಲೇಜಿಗೆ ಬರುತ್ತೇನೆ ಎನ್ನುತ್ತಾಳೆ, ತಂದೆ ಒಪ್ಪುತ್ತಿಲ್ಲ. ಒಬ್ಬಳು ಕಾಡಿನಲ್ಲಿ ನಡೆದುಹೋಗುವುದನ್ನೇ ಎದೆ ಗಟ್ಟಿಮಾಡಿಕೊಂಡು ನೋಡಿದ್ದೇನೆ, ಇಬ್ಬರನ್ನು ಕಳಿಸಲಾರೆ, ಮೋರಿ ಆದರೆ ನೋಡೋಣ ಎಂದಿದ್ದಾನಂತೆ. ಇಷ್ಟು ಹೇಳಿ, ಹೊರಡುವ ಮುನ್ನ ತಲೆ ಬಗ್ಗಿಸಿಕೊಂಡೇ ಅಂದಳು: "ಮುಂದಿನ ತಿಂಗಳ ಮತ್ತ ಸಭಾ ಐತಂತರಿ. ನೀವು ಬರ್ರಿ ಸರ್. ಸಹಿ ಮಾಡಾಕಲ್ರಿ, ಕೂಡ್ರಾಕ."

ಗೆಳೆಯರೇ, ನಾನು ಬಿ.ಎ., ಎಂ.ಎ.ಗಳಲ್ಲಿ ಪ್ರಜಾಪ್ರಭುತ್ವದ ಎಷ್ಟೋ ವ್ಯಾಖ್ಯೆಗಳನ್ನು ಉರುಹೊಡೆದಿದ್ದೇನೆ, ಎಷ್ಟೋ ಮಕ್ಕಳಿಂದ ಹೊಡೆಸಿದ್ದೇನೆ. ಯಾವುದೂ ಈ ಎರಡು ಮಾತಿನಷ್ಟು ನನ್ನೊಳಗೆ ಇಳಿದಿಲ್ಲ.

ಇಲ್ಲಿ ಒಂದಿಷ್ಟು ಅಡ್ಡದಾರಿ ಹಿಡಿಯುತ್ತೇನೆ. ದಾಂಡೇಲಿಯಲ್ಲಿದ್ದಾಗ ಅಂಬಿಕಾನಗರದ ವಿದ್ಯುತ್ ನಿಗಮದ ಕ್ವಾರ್ಟರ್ಸ್‌ನಿಂದ ಬರುತ್ತಿದ್ದ ಮಕ್ಕಳಿಗೆ ಸರಕಾರ ಎಂದರೆ ಏನು ಎಂದು ಕೇಳಿದ್ದೆ. ದೂರಿನ ಪುಸ್ತಕ ಸರ್ ಎಂದಿದ್ದನೊಬ್ಬ. ಅದರಲ್ಲಿ ಬರೆದಿಟ್ಟರೆ ಮನೆಗೇ ಬಂದು ನಳ ರಿಪೇರಿ ಮಾಡಿ ಹೋಗುತ್ತಾರಂತೆ. ನಾವೆಲ್ಲ ನಕ್ಕಿದ್ದೆವು. ಆದರೆ ಹಳ್ಳಿಯವರಾದ ನಮ್ಮ ತಿಳಿವಳಿಕೆಯೂ ಅದಕ್ಕಿಂತ ಹೆಚ್ಚೇನಿಲ್ಲ. ಸರಕಾರ ಮನೆಬಾಗಿಲಿಗೆ ಬರಬೇಕು, ಬಂದಾಗ ಚಾ ಕೊಟ್ಟು, ಸಹಿ ಹಾಕಿ ಕಳಿಸಬೇಕು. ಇನ್ನು ನಮ್ಮ ಕಾಲೇಜು ಹುಡುಗರು ಚುನಾವಣೆ ಬಂದರೆ ಬೈಕಿಗೆ ಬಾವುಟ ಕಟ್ಟಿಕೊಂಡು ಯಾರದೋ ಹೆಸರನ್ನು ಗಂಟಲು ಹರಿಯುವಂತೆ ಕೂಗುತ್ತಾರೆ, ಮುಗಿದ ಮಾರನೆಯ ದಿನ ರಾಜಕೀಯ ಹೊಲಸು ಎಂದು ಮೂಗು ಮುರಿಯುತ್ತಾರೆ. ಈ ಎರಡರ ನಡುವೆ ಸಪ್ಪೆಯಾದ, ಸದ್ದಿಲ್ಲದ, ಬೆಂಚಿನ ಮೇಲೆ ಕುಳಿತು ಪುಸ್ತಕ ಓದುವ ಒಂದು ರಾಜಕೀಯವಿದೆ ಎಂದು ಅವರಿಗೆ ಹೇಳಬೇಕಾದವನು ನಾನು. ಹೇಳಿರಲಿಲ್ಲ, ಯಾಕೆಂದರೆ ನನಗೇ ಗೊತ್ತಿರಲಿಲ್ಲ.

ಸಭೆಯ ದಿನ ಬಂತು. ಫಿಲೋಮಿನಾಳ ಜೊತೆಗೆ ನಮ್ಮ ಪಂಚಾಯ್ತಿಯ ಐದಾರು ವಿದ್ಯಾರ್ಥಿಗಳು ತಾವೇ ಒಂದು ಕಟ್ಟಳೆ ಮಾಡಿಕೊಂಡಿದ್ದರು: ಪ್ರತಿಯೊಬ್ಬರೂ ಮನೆಯಿಂದ ಇಬ್ಬರು ಹಿರಿಯರನ್ನು ಕರೆತರಬೇಕು, ಅದರಲ್ಲಿ ಒಬ್ಬರು ಹೆಂಗಸಾಗಿರಬೇಕು. "ರಾಜಕೀಯ ನಮಗ್ಯಾಕಬೇ" ಎಂದು ಗೊಣಗುತ್ತಲೇ ತಂದೆತಾಯಿಗಳು ಬಂದಿದ್ದರು. ಕನ್ನಡ ಶಾಲೆಯ ಅಂಗಳ. ಮುಂದೆ ನಾಲ್ಕು ಕುರ್ಚಿ, ಹಿಂದೆ ಜಮಖಾನೆ. ನನಗೆ ಕುರ್ಚಿ ತೋರಿಸಿದರು, ನಾನು ಜಮಖಾನೆಯ ಅಂಚಿಗೆ ಕುಳಿತೆ. ನನ್ನಾಕೆ ಹೆಂಗಸರ ಕಡೆ, ಮಜರೆಯಿಂದ ನಡೆದುಬಂದ ಫಿಲೋಮಿನಾಳ ತಾಯಿಯ ಪಕ್ಕದಲ್ಲಿ. ಮನೆಯಿಂದ ಹೊರಡುವಾಗ ಅವಳು ನನಗೆ ಹೇಳಿದ್ದು ಒಂದೇ ಮಾತು. "ಇವತ್ತರ ನಿಮ್ಮ ಬಾಯಿ ತಗೀತೀರೇನು?"

ಫಿಲೋಮಿನಾ ಎದ್ದು ನಿಂತು, ವಹಿ ನೋಡಿಕೊಂಡು, ಮೋರಿಯ ಸಂಗತಿ ಕೇಳಿದಳು. ಅಧ್ಯಕ್ಷರು ಕೆಟ್ಟವರಲ್ಲ, ದೂರದ ನಂಟಿನಲ್ಲಿ ನನಗೆ ಸೋದರಮಾವನಾಗಬೇಕು. ಅವರು ಪುಸ್ತಕ ತೆಗೆಸಿ, ಬೆರಳಿಟ್ಟು, ಸಮಾಧಾನದಿಂದಲೇ ಹೇಳಿದರು: "ತಂಗೀ, ಇದು ಹ್ವಾದ ಸಲ ಎಲ್ಲಾರೂ ಕೂಡಿ ಒಪ್ಪಿದ್ದು. ಒಬ್ಬಾಕಿ ಮಾತಿಗೆ ಬದಲಿ ಮಾಡಾಕ ಬರೂದಿಲ್ಲ. ನೋಡು, ನಿಮ್ಮ ಸರ್ ಅಂಥಾ ಓದಿದವರ ಸಹೀನೂ ಐತಿ, ಅವರಿಗೆ ತಿಳೀಲಾರದ್ದು ನಿನಗ ತಿಳೀತೈತೇನು?"

ಅಂಗಳದ ಕಣ್ಣುಗಳೆಲ್ಲ ನನ್ನತ್ತ ತಿರುಗಿದವು. ಫಿಲೋಮಿನಾ ಮಾತ್ರ ನನ್ನನ್ನು ನೋಡಲಿಲ್ಲ. ವಹಿಯನ್ನು ಎದೆಗೆ ಒತ್ತಿಕೊಂಡು ಎದುರಿನ ಗೋಡೆಯನ್ನು ನೋಡುತ್ತ ನಿಂತಿದ್ದಳು. ಅವಳು ಒಂದು ಸಲ ನನ್ನತ್ತ ತಿರುಗಿದ್ದರೆ ನನ್ನ ಗುಟ್ಟು ಅಲ್ಲೇ ಬಯಲು. ತಿರುಗದೆ ಉಳಿದರೆ ತಂಗಿಯ ಕಾಲೇಜು ಅಲ್ಲೇ ಮುಗಿಯಿತು. ಇದು ಅವಳಿಗೆ ಗೊತ್ತಿತ್ತು, ಆದರೂ ನೋಡಲಿಲ್ಲ. ಗುರುವಿಗೆ ಶಿಷ್ಯರು ಏನೇನೋ ಕಾಣಿಕೆ ಕೊಡುತ್ತಾರೆ. ಎದ್ದು ನಿಲ್ಲಲು ಅವಕಾಶ ಕೊಟ್ಟವಳು ಇವಳೊಬ್ಬಳೇ.

ಎದ್ದೆ. "ಮಾವಾರ, ನಾ ಆ ಸಭಾಕ್ಕ ಬಂದಿದ್ದಿಲ್ರಿ. ಮನಿ ಕಟ್ಟಿ ಮ್ಯಾಲ ಕುಂತು, ಓದದ ಸಹಿ ಮಾಡೀನಿ. ನನ್ನಾಕೀದೂ ನಾನ ಮಾಡೀನಿ. ಆ ಎರಡೂ ಸುಳ್ಳ ಸಹಿ, ಕಾಟ ಹೊಡೀರಿ" ಎಂದೆ. ಮೂಲೆಯಲ್ಲಿ ನಿಂತಿದ್ದ ಶಿವಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಹಿಂದಿನಿಂದ ಒಬ್ಬ ಮುದುಕ, "ಹಂಗಂದ್ರ ನಂದೂ ಸುಳ್ಳರಿ, ನಾ ಅವತ್ತ ಹೊಲದಾಗಿದ್ನಿ" ಎಂದ. ಇನ್ನೊಬ್ಬ, ಮತ್ತೊಬ್ಬ. ಅಧ್ಯಕ್ಷರು ಮೊದಲು ಸಿಟ್ಟಾದರು, ಆಮೇಲೆ ತಲೆ ಕೆರೆದುಕೊಂಡರು, ಕಡೆಗೆ ನಕ್ಕರು. ಬಂದವರೇ ಇಲ್ಲದ ಸಭೆಯ ಠರಾವಿನ ಮೇಲೆ ಊರು ಕಮಾನು ಕಟ್ಟಿಕೊಂಡಿತ್ತು. "ಆತು ಬಿಡ್ರಪಾ, ಇವತ್ತ ಬಂದೀರಲ್ಲ, ಇವತ್ತ ಬರಿಯೂಣು" ಎಂದರು. ಮೋರಿಯದೇ ಮೊದಲ ಕೆಲಸವೆಂದು ಠರಾವು ಬರೆಯಲಾಯಿತು. ಫಿಲೋಮಿನಾಳೇ ಅದನ್ನು ಎಲ್ಲರಿಗೂ ಕೇಳುವಂತೆ ಎರಡು ಸಲ ಓದಿದಳು.

ಸಹಿಯ ಹೊತ್ತಿಗೆ ಶಿವಪ್ಪನ ಬಾಲ್ ಪೆನ್ನು ಮುಷ್ಕರ ಹೂಡಿತು. ಅದು ಅಷ್ಟು ಜನರನ್ನು ಎಂದೂ ಒಮ್ಮೆಗೇ ಕಂಡಿರಲಿಲ್ಲ. ಆಗ ಹೆಂಗಸರ ನಡುವಿನಿಂದ ನನ್ನಾಕೆ ಎದ್ದು ಬಂದು, ಇಡೀ ಊರಿನೆದುರು ನನ್ನ ಜೇಬಿನ ಮುಂದೆ ಕೈಚಾಚಿದಳು. "ನಂದು ನಾ ಮಾಡ್ತೇನಿ. ಪೆನ್ ಕೊಡ್ರಿ." ಕೊಟ್ಟೆ. ಅವಳ ಕೈಯಿಂದ ಅದು ಫಿಲೋಮಿನಾಳ ತಾಯಿಯ ಕೈಗೆ ಹೋಯಿತು. ಮಗಳಿಂದ ಹೆಸರು ಬರೆಯಲು ಕಲಿತ ಆ ತಾಯಿ ನಿಬ್ಬನ್ನು ಮಗುಚಿ ಹಿಡಿದು, ಗದ್ದೆಯಲ್ಲಿ ಸಸಿ ಊರುವಷ್ಟೇ ಗಟ್ಟಿಯಾಗಿ ಒತ್ತಿ, ಒಂದೊಂದೇ ಅಕ್ಷರ ಊರಿದಳು. ಆಮೇಲೆ ಅದು ಯಾರ ಯಾರ ಕೈಗೆ ಹೋಯಿತೋ ನಾನು ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ ಎನ್ನಿ. ಮರಳಿ ಬಂದಾಗ ಮುಚ್ಚಳಕ್ಕೆ ಎಲೆಯಡಿಕೆಯ ಸುಣ್ಣ ಹತ್ತಿತ್ತು, ನಿಬ್ಬು ಬಾಗಿತ್ತು.

ಮೋರಿ ಮರುದಿನವೇ ಆಗಲಿಲ್ಲ. ಅದೇನು ಪುರಾಣವೇ? ಇನ್ನೂ ಒಂದು ಸಭೆ, ಇನ್ನೂ ಒಂದು ಮಳೆಗಾಲ, ಫಿಲೋಮಿನಾ ಮತ್ತು ಗೆಳತಿಯರು ಅರ್ಜಿ ಹಿಡಿದು ಓಡಾಡಿದ ಎಷ್ಟೋ ಶನಿವಾರಗಳು ಬೇಕಾದವು. ಮೋನಿಕಾ ಒಂದು ವರ್ಷ ಮನೆಯಲ್ಲೇ ಕುಳಿತಳು. ಆ ವರ್ಷದ ಭಾರ ನನ್ನ ಮೇಲಿದೆ, ಇಳಿಸಿಕೊಳ್ಳುವುದೂ ಇಲ್ಲ. ಆದರೆ ಮೋರಿ ಆಯಿತು, ಬಸ್ಸೂ ಬಂತು. ಫಿಲೋಮಿನಾ ಪದವಿ ಮುಗಿಸಿ ಈಗ ಹಳಿಯಾಳದಲ್ಲಿ ಬಿ.ಎಡ್. ಓದುತ್ತಿದ್ದಾಳೆ, ಗ್ರಾಮಸಭೆಯ ದಿನ ತಪ್ಪದೆ ಊರಿಗೆ ಬರುತ್ತಾಳೆ. ಶಿವಪ್ಪ ಹಳೆಯ ರೂಢಿಯಿಂದ ಒಮ್ಮೆ ಪುಸ್ತಕ ಹಿಡಿದು ನಮ್ಮ ಕಟ್ಟೆಗೆ ಬಂದಿದ್ದ. "ಸಭಾ ಎಂದೈತಿ ಹೇಳು ಶಿವಪ್ಪ, ನಾನ ಬರ್ತೇನಿ" ಎಂದು ನನ್ನಾಕೆ ಅವನಿಗೆ ಚಾ ಮಾತ್ರ ಕೊಟ್ಟು ಕಳಿಸಿದಳು.

ಬೀಳ್ಕೊಡುಗೆಯ ಭಾಷಣವನ್ನು ನಾನೀಗ ಬದಲಿಸಿದ್ದೇನೆ. ಮಕ್ಕಳೇ, ಹೋಗಿ, ಕೂಡ್ರಿ, ಕೇಳಿ, ಬೇಕಾದರೆ ನಿಲ್ಲಿರಿ, ಗೆಲ್ಲಿರಿ, ಸೋಲಿರಿ ಎನ್ನುತ್ತೇನೆ. ದೊಡ್ಡವರಾದ ನಮಗೆ ಯಾವ ಸಾಲನ್ನು ಬಿಟ್ಟು ಓದಬೇಕೆಂದು ಚೆನ್ನಾಗಿ ಗೊತ್ತಿದೆ, ನಿಮಗಿನ್ನೂ ಗೊತ್ತಿಲ್ಲ. ಆ ಗೊತ್ತಿಲ್ಲದಿರುವಿಕೆಯೇ ನಿಮ್ಮ ಬಲ, ಅದು ಹೋಗುವ ಮೊದಲು ಬನ್ನಿ. ನಿಮ್ಮ ಮನೆಯಲ್ಲೂ ಕಾಲೇಜಿಗೆ ಹೋಗುವವರಿದ್ದರೆ, ಓದುವ ಮಿತ್ರರೇ, ದಯವಿಟ್ಟು ತಡೆಯಬೇಡಿ. ಅವರು ನಿಮ್ಮ ಹೆಸರನ್ನು ಯಾವುದಾದರೂ ಪುಸ್ತಕದಲ್ಲಿ ಕಂಡುಹಿಡಿದು ತಂದರೆ ಮೊದಲು ಹೆದರಿಕೆಯಾಗುತ್ತದೆ, ಆಮೇಲೆ ನಾಚಿಕೆ, ಅದೂ ಕಳೆದ ಮೇಲೆ ಎಂಥದೋ ಹಗುರ. ಆ ಹಗುರವನ್ನು ನನಗೆ ಕೊಟ್ಟವಳಿಗೆ ನಾನು ಒಂದು ಕಾಲದಲ್ಲಿ ಹಾಜರಿ ಕೊಟ್ಟಿರಲಿಲ್ಲ.

ಇವತ್ತು ಬೆಳಿಗ್ಗೆ ಮೊದಲ ವರ್ಷದ ತರಗತಿಯಲ್ಲಿ ಹೆಸರು ಕೂಗುತ್ತಿದ್ದೆ. ಮೋನಿಕಾ ಎಂದಾಗ ಉತ್ತರವಿಲ್ಲ. ಮುಂದಿನ ಹೆಸರಿಗೆ ಹೋಗದೆ ಕಿಟಕಿಯಾಚೆ ನೋಡುತ್ತ ನಿಂತೆ. ಮಕ್ಕಳು ಗುಸುಗುಸು ನಕ್ಕರು, ಗಡಿಯಾರ ಹತ್ತು ನಿಮಿಷ ದಾಟಿತು. ಆಮೇಲೆ ಗೇಟಿನ ಬಳಿ ಬಸ್ಸು ನಿಂತ ಸದ್ದು, ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. "ಹಾಜರ್ ಸರ್" ಎಂದು ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಳು, ಚಪ್ಪಲಿ ಒಣಗಿತ್ತು. ನಾನು ಪೆನ್ನಿನ ಮುಚ್ಚಳ ಬಿಚ್ಚಿ ಅವಳ ಹೆಸರಿನ ಮುಂದೆ ಗುರುತು ಹಾಕಿದೆ. ದಪ್ಪಗೆ ಬಂತು.